ಎಣ್ಣೆಗೆ ಊರು ಕೇಳುವವರಿಲ್ಲ

ಕಚ್ಚಾ ತಾಳೆ ಎಣ್ಣೆ ಕೆಂಪಗಿರುತ್ತದೆ ಎಂದರೆ ನಮ್ಮ ಕಡೆ ಹೆಚ್ಚಿನವರು ನಂಬುವುದಿಲ್ಲ. ಅಂಗಡಿಯಲ್ಲಿ ಅವರು ಕಂಡ ಪಾಮೋಲಿನ್ ತಿಳಿಹಳದಿ, ಮೂಗಿಗೆ ಹಿಡಿದರೂ ವಾಸನೆ ಇಲ್ಲ. ಹಡಗಿನಿಂದ ಇಳಿಯುವ ಎಣ್ಣೆ ಹಾಗಲ್ಲ. ಕ್ಯಾರೆಟ್ಟಿನಲ್ಲಿರುವ ಕ್ಯಾರೋಟಿನ್ನೇ ಅದರಲ್ಲೂ ತುಂಬಿರುವುದರಿಂದ ಗಾಢ ಕಿತ್ತಳೆ ಬಣ್ಣ. ಬಿಳಿ ಕೋಟಿನ ತೋಳಿಗೆ ಒಂದು ಹನಿ ತಾಗಿದರೆ ಎಷ್ಟು ಒಗೆದರೂ ಹೋಗುವುದಿಲ್ಲ. ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ಎಣ್ಣೆ ಹಡಗುಗಳ ಮಾದರಿ ಪರೀಕ್ಷಿಸುವ ಲ್ಯಾಬೊಂದರಲ್ಲಿ ನಾನು ಕೆಮಿಸ್ಟ್ ಆಗಿದ್ದೆ. ನಿವೃತ್ತಿಯಾಗಿ ಮನೆಗೆ ಬರುವಾಗ ಕಲೆಯಾದ ಕೋಟೊಂದನ್ನು ತಂದಿದ್ದೆ. ಈಗ ಅದನ್ನು ಹಾಕಿಕೊಂಡು ಮಲ್ಲಿಗೆ ಗಿಡಕ್ಕೆ ಗೊಬ್ಬರ ಹಾಕುತ್ತೇನೆ.

ಕೆಲಸ ಹೇಳಿಕೊಳ್ಳುವಷ್ಟು ದೊಡ್ಡದೇನಲ್ಲ. ಸರ್ವೇಯರ್ ಹುಡುಗರು ಹಡಗು ಹತ್ತಿ, ಪ್ರತಿ ಟ್ಯಾಂಕಿಗೂ ಟೇಪು ಇಳಿಸಿ ಎಣ್ಣೆ ಎಷ್ಟುಂಟೆಂದು ಅಳೆದು, ಮೇಲಿನಿಂದ, ನಡುವಿನಿಂದ, ತಳದಿಂದ ಮಾದರಿ ತೆಗೆದು ಬಾಟ್ಲಿಗೆ ತುಂಬಿ ಸೀಲು ಹಾಕಿ ತರುತ್ತಿದ್ದರು. ಎಣ್ಣೆ ಗಟ್ಟಿಯಾದರೆ ಪೈಪಿನಲ್ಲಿ ಹರಿಯುವುದಿಲ್ಲವಲ್ಲ, ಅದಕ್ಕೆ ಇಳಿಸುವ ಮೊದಲು ಹಡಗಿನಲ್ಲೇ 50 ಡಿಗ್ರಿ ದಾಟುವವರೆಗೆ ಕಾಯಿಸುತ್ತಾರೆ. ಬಾಟ್ಲಿ ನಮ್ಮ ಕೈಗೆ ಬರುವಾಗ ಬೆಚ್ಚಗೇ ಇರುತ್ತಿತ್ತು. ಅದರಿಂದ ಸ್ವಲ್ಪ ತೂಕ ಮಾಡಿ ತೆಗೆದು, ಆಲ್ಕೋಹಾಲಿನಲ್ಲಿ ಕದಡಿ, ಕೆಲವು ಹನಿ ಫಿನಾಫ್ತಲೀನ್ ಹಾಕಿ, ಬ್ಯುರೆಟ್ಟಿನಿಂದ ಕಾಸ್ಟಿಕ್ ಸೋಡಾ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಗುಲಾಬಿ ಬಣ್ಣ ಹುಟ್ಟಿ ಅರ್ಧ ನಿಮಿಷ ನಿಂತರೆ ಪರೀಕ್ಷೆ ಮುಗಿಯಿತು. ಆದರೆ ಎಣ್ಣೆಯೇ ಕಿತ್ತಳೆ. ಕಿತ್ತಳೆಯೊಳಗೆ ಗುಲಾಬಿ ಹುಟ್ಟಿದ್ದನ್ನು ಕಣ್ಣು ಹಿಡಿಯಬೇಕು. ಹೊಸದಾಗಿ ಸೇರಿದವರು ಎರಡು ಹನಿ ಹೆಚ್ಚೇ ಬಿಟ್ಟುಬಿಡುತ್ತಾರೆ.

ಇದರಿಂದ ಸಿಗುವ ಅಂಕಿಯನ್ನು ಎಫ್‌ಎಫ್‌ಎ ಎನ್ನುತ್ತಾರೆ, ಅಂದರೆ ಎಣ್ಣೆಯಲ್ಲಿ ಬಿಡಿಯಾಗಿ ಕಳಚಿಕೊಂಡ ಕೊಬ್ಬಿನಾಮ್ಲ. ಎಣ್ಣೆ ಎಷ್ಟು ಹಳಸಿದೆ ಎನ್ನುವುದರ ಅಳತೆ ಅದು. ಕಚ್ಚಾ ತಾಳೆ ಎಣ್ಣೆಯ ಕರಾರಿನಲ್ಲಿ ಶೇ 5 ಎಂದು ಬರೆದಿರುತ್ತದೆ. ದಾಟಿತೋ, ಮಾರಿದವನು ದರ ಬಿಡಬೇಕು. ಸಾವಿರಾರು ಟನ್ನಿನ ಸರಕಿನಲ್ಲಿ ಶೇಕಡಾ ಅರ್ಧ ಎಂದರೂ ದೊಡ್ಡ ಮೊತ್ತ. ಹಾಗಾಗಿ ಲ್ಯಾಬಿಗೆ ರಾತ್ರಿ ಹೊತ್ತಿನಲ್ಲಿ ಫೋನು ಬಂದರೆ ಅದು ಈ ಅಂಕಿಗಾಗಿಯೇ. ವರದಿಯಲ್ಲಿ ಉಳಿದ ಕಾಲಮ್ಮುಗಳೂ ಇದ್ದವು: ತೇವಾಂಶ, ಕಸ, ಅಯೋಡಿನ್ ಮೌಲ್ಯ, ಬಣ್ಣ ತೆಗೆಯಲು ಎಷ್ಟು ಕಷ್ಟವಾದೀತು ಎನ್ನುವ ಸೂಚ್ಯಂಕ. ಮೇಲ್ಗಡೆ ಹಡಗಿನ ಹೆಸರು, ಟ್ಯಾಂಕ್ ನಂಬರು, ಲೋಡ್ ಪೋರ್ಟ್. ಲೋಡ್ ಪೋರ್ಟ್ ಎಂದರೆ ಹಡಗಿಗೆ ಎಣ್ಣೆ ತುಂಬಿದ ಬಂದರು: ದುಮಾಯ್, ಬೆಲಾವನ್, ಪಾಸಿರ್ ಗುಡಾಂಗ್. ಮೊದಲೆರಡು ಇಂಡೊನೇಷ್ಯಾದ ಸುಮಾತ್ರಾದಲ್ಲಿ, ಮೂರನೆಯದು ಮಲೇಷ್ಯಾದ ಜೋಹೋರಿನಲ್ಲಿ. ಎಣ್ಣೆಯ ಹುಟ್ಟಿನ ಬಗ್ಗೆ ನಮ್ಮ ಕಾಗದ ಹೇಳುತ್ತಿದ್ದುದು ಅಷ್ಟೇ. ಯಾವ ತೋಟ, ಯಾರ ಜಮೀನು, ಅಲ್ಲಿ ಮೊದಲು ಏನಿತ್ತು, ಕೊಯ್ದವರಿಗೆ ಏನು ಕೊಟ್ಟರು ಎಂಬ ಕಾಲಮ್ಮು ಇರಲಿಲ್ಲ. ಯಾರೂ ಮುಚ್ಚಿಟ್ಟದ್ದಲ್ಲ. ಎಣ್ಣೆಯ ಬೆಲೆ ಅದರಿಂದ ಒಂದು ಪೈಸೆಯೂ ಆಚೀಚೆ ಆಗುವುದಿಲ್ಲ, ಹಾಗಾಗಿ ಯಾರೂ ಕೇಳಲಿಲ್ಲ.

ಆದರೆ ಆ ಶೇ 5 ಎಂಬುದು ತೋಟದ ತನಕವೂ ಹೋಗಿ ಮುಟ್ಟುತ್ತದೆ. ಎಣ್ಣೆತಾಳೆ ಪಶ್ಚಿಮ ಆಫ್ರಿಕಾದ ಮರ, ನಮ್ಮ ಗುಡ್ಡಗಳ ತಾಳೆಮರ ಬೇರೆ. ಡಚ್ಚರು 1848ರಲ್ಲಿ ಜಾವಾದ ಬೋಗೋರ್ ಸಸ್ಯೋದ್ಯಾನಕ್ಕೆ ನಾಲ್ಕು ಸಸಿ ತಂದು ನೆಟ್ಟರು. 1911ರ ಸುಮಾರಿಗೆ ಸುಮಾತ್ರಾದಲ್ಲಿ ವ್ಯಾಪಾರಕ್ಕಾಗಿ ತೋಟಗಳೆದ್ದವು. ಮರ ವರ್ಷವಿಡೀ ಗೊನೆ ಬಿಡುತ್ತದೆ. ಹತ್ತು ಹದಿನೈದು ದಿನಕ್ಕೊಮ್ಮೆ ಕೊಯ್ಲು. ಗೊನೆಯೊಂದು 10ರಿಂದ 25 ಕಿಲೋ ತೂಗುತ್ತದೆ, ಮೈತುಂಬ ಮುಳ್ಳು. ಮರ ಎತ್ತರವಾದ ಮೇಲೆ ಉದ್ದ ಕೋಲಿನ ತುದಿಗೆ ಕುಡುಗೋಲು ಕಟ್ಟಿ ಎಳೆಯುತ್ತಾರೆ. ನಮ್ಮವರು ಅಡಿಕೆಗೆ ದೋಟಿ ಹಿಡಿದ ಹಾಗೆಯೇ, ಆದರೆ ಕೆಳಗೆ ಬೀಳುವುದು ಅಡಿಕೆ ಗೊನೆಯಲ್ಲ, ತಲೆಯ ಮೇಲೆ ಬಿದ್ದರೆ ಮನುಷ್ಯ ಉಳಿಯುವುದಿಲ್ಲ.

ಹಣ್ಣು ಜಜ್ಜಿದ ಕ್ಷಣದಿಂದ ಅದರೊಳಗಿನ ಲೈಪೇಸ್ ಎಂಬ ಕಿಣ್ವ ಎಣ್ಣೆಯನ್ನು ಒಡೆಯತೊಡಗುತ್ತದೆ. ಎಫ್‌ಎಫ್‌ಎ ಗಂಟೆಗಂಟೆಗೂ ಏರುತ್ತದೆ. ಆದ್ದರಿಂದ ಕೊಯ್ದ 24 ಗಂಟೆಯೊಳಗೆ ಗೊನೆ ಮಿಲ್ಲಿಗೆ ತಲುಪಿ ಹಬೆಯಲ್ಲಿ ಬೇಯಬೇಕು. ಬಲಿಯದ ಗೊನೆ ಕೊಯ್ದರೆ ಎಣ್ಣೆ ಕಡಿಮೆ, ಹೆಚ್ಚು ಹಣ್ಣಾದರೆ ಆಮ್ಲ ಹೆಚ್ಚು. ಉದುರಿದ ಬಿಡಿ ಹಣ್ಣಿನಲ್ಲಿ ಎಣ್ಣೆ ಜಾಸ್ತಿ, ಅದನ್ನೂ ಬಿಡದೆ ಹೆಕ್ಕಬೇಕು. ಈ ಲೆಕ್ಕವನ್ನೆಲ್ಲ ಕೊನೆಗೆ ಹೊರುವುದು ಕೊಯ್ಲಿನ ಕೂಲಿಯಾಳು. ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2016ರಲ್ಲಿ ಇಂಡೊನೇಷ್ಯಾದ ತೋಟಗಳ ಬಗ್ಗೆ ಒಂದು ದೊಡ್ಡ ವರದಿ ತಂದಿತು. ದಿನಕ್ಕೆ ಇಷ್ಟು ಕೊಯ್ಯಲೇಬೇಕೆಂಬ ಗುರಿ, ಬಲಿಯದ ಗೊನೆ ಕೊಯ್ದರೆ ದಂಡ, ಗುರಿ ಮುಟ್ಟಿಸಲು ಹೆಂಡತಿ ಮಕ್ಕಳನ್ನೂ ಕರೆತಂದು ಬಿಡಿ ಹಣ್ಣು ಹೆಕ್ಕಿಸುವುದು, ಕಳೆನಾಶಕ ಪ್ಯಾರಾಕ್ವಾಟ್ ಸಿಂಪಡಿಸುವ ದಿನಗೂಲಿ ಹೆಂಗಸರು, ಎಲ್ಲ ಅದರಲ್ಲಿತ್ತು. ಯುರೋಪು 2007ರಲ್ಲೇ ಬೇಡವೆಂದ ವಿಷ ಅದು. ಓದುವಾಗ ನನಗೆ ತಟ್ಟಿದ್ದು ಬೇರೆ ಸಂಗತಿ: ನನ್ನ ಬ್ಯುರೆಟ್ಟಿನಲ್ಲಿ 5ರ ಬದಲು 4.2 ಬಂದರೆ ಎಲ್ಲರಿಗೂ ಸಂತೋಷ. ಆ 4.2 ಬರಲು ಮೂರ್ನಾಲ್ಕು ಸಾವಿರ ಕಿಲೋಮೀಟರ್ ದೂರದಲ್ಲಿ ಯಾರು ಎಷ್ಟು ಓಡಿದ್ದರು ಎನ್ನುವುದು ಬ್ಯುರೆಟ್ಟಿಗೆ ಕಾಣುವುದಿಲ್ಲ.

2015ರ ಸೆಪ್ಟೆಂಬರಿನಲ್ಲಿ ಸಿಂಗಪುರದಲ್ಲಿರುವ ನನ್ನ ತಂಗಿ ಫೋನು ಮಾಡಿದ್ದಳು. “ಅಕ್ಕ, ಕಿಟಕಿ ತೆಗೆಯಲಿಕ್ಕೆ ಆಗುವುದಿಲ್ಲ ಮಾರಾಯ್ತಿ. ಎದುರಿನ ಬಿಲ್ಡಿಂಗ್ ಕಾಣುವುದಿಲ್ಲ. ಮಕ್ಕಳಿಗೆ ನಾಳೆ ಶಾಲೆಯೇ ಇಲ್ಲ.” ಆ ತಿಂಗಳ 25ರಂದು ಹೊಗೆಯಿಂದಾಗಿ ಸಿಂಗಪುರ ಸರ್ಕಾರ ಶಾಲೆಗಳಿಗೆ ರಜೆ ಕೊಟ್ಟಿತ್ತು. ಯಾವ ಹೊಗೆ ಎಂದು ಕೇಳಿದೆ. “ಸುಮಾತ್ರಾದ್ದು. ರಿಯಾವು ಅಂತ ಒಂದು ಪ್ರಾಂತ ಉಂಟಂತೆ, ಅಲ್ಲಿ ಕಾಡು ಸುಡುತ್ತಾರಂತೆ.” ದುಮಾಯ್ ಬಂದರು ಇರುವುದು ಅದೇ ರಿಯಾವುನಲ್ಲಿ. ಆ ವಾರ ನನ್ನ ಮೇಜಿನ ಮೇಲಿದ್ದ ಬಾಟ್ಲಿಗಳ ಚೀಟಿಯಲ್ಲಿ ಇದ್ದದ್ದೂ ದುಮಾಯ್. ಒಂದೇ ಊರಿನ ಹೊಗೆ ತಂಗಿಯ ಮನೆಗೆ, ಎಣ್ಣೆ ನನ್ನ ಲ್ಯಾಬಿಗೆ.

ಅಲ್ಲಿ ಸುಡುವುದು ಮರಗಳಷ್ಟೇ ಆಗಿದ್ದರೆ ಬೆಂಕಿ ಬೇಗ ಆರುತ್ತಿತ್ತು. ಸುಮಾತ್ರಾ ಮತ್ತು ಬೋರ್ನಿಯೋದ ಕರಾವಳಿಯಲ್ಲಿ ಪೀಟ್ ಎಂಬ ಜೌಗು ನೆಲ ಉಂಟು. ಸಾವಿರಾರು ವರ್ಷಗಳಿಂದ ಬಿದ್ದ ಎಲೆ, ಬೇರು, ಕಾಂಡ ನೀರಿನಲ್ಲೇ ಮುಳುಗಿ, ಪೂರ್ತಿ ಕೊಳೆಯದೆ ಮೀಟರುಗಟ್ಟಲೆ ಆಳಕ್ಕೆ ಶೇಖರವಾಗಿರುವ ನೆಲ. ನೀರಿರುವವರೆಗೆ ಅದಕ್ಕೆ ಬೆಂಕಿ ಹಿಡಿಯುವುದಿಲ್ಲ. ತೋಟ ಮಾಡಬೇಕಾದರೆ ಕಾಲುವೆ ತೋಡಿ ನೀರು ಹೊರಗೆ ಬಿಡಬೇಕು. ಒಣಗಿದ ಮೇಲೆ ಅದು ನೆಲವಲ್ಲ, ಸೌದೆ. ಕಾಡು ತೆರವು ಮಾಡಲು ಬೆಂಕಿಯಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ. ಹೊತ್ತಿಸಿದ್ದು ನೆಲದೊಳಗೆ ಇಳಿದು ವಾರಗಟ್ಟಲೆ ಹೊಗೆಯಾಡುತ್ತದೆ. 2015ರಲ್ಲಿ ಎಲ್ ನಿನೋದಿಂದ ಮಳೆಯೂ ಕೈಕೊಟ್ಟಿತ್ತು. ಆ ವರ್ಷ ಇಂಡೊನೇಷ್ಯಾದಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟಿತು, 1,600 ಕೋಟಿ ಡಾಲರ್ ನಷ್ಟವಾಯಿತು ಎಂದು ವಿಶ್ವಬ್ಯಾಂಕ್ ಅಂದಾಜು ಮಾಡಿತು. ಮರುವರ್ಷ ಹಾರ್ವರ್ಡ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು ಆ ಹೊಗೆಯಿಂದ ಮೂರು ದೇಶಗಳಲ್ಲಿ ಒಂದು ಲಕ್ಷದಷ್ಟು ಮಂದಿ ಅಕಾಲದಲ್ಲಿ ಸತ್ತಿರಬಹುದು ಎಂದು ಲೆಕ್ಕ ಹಾಕಿದರು. ಆ ದೇಶಗಳ ಸರ್ಕಾರಗಳು ಒಪ್ಪಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಆ ಬೆಂಕಿಯೆಲ್ಲ ತಾಳೆ ಎಣ್ಣೆಯದ್ದಲ್ಲ. ಕಾಗದದ ತಿರುಳಿಗೆಂದು ಅಕೇಸಿಯಾ ಬೆಳೆಸುವ ಕಂಪನಿಗಳ ಜಮೀನಿನಲ್ಲೂ ಬೆಂಕಿ ಇತ್ತು. ಇಂಡೊನೇಷ್ಯಾದ ಅಧ್ಯಕ್ಷ ಸುಹಾರ್ತೊ ಕಾಲದಲ್ಲಿ, 1990ರ ದಶಕದ ಮಧ್ಯದಲ್ಲಿ, ಭತ್ತ ಬೆಳೆಯುತ್ತೇವೆಂದು ಬೋರ್ನಿಯೋದ ಮಧ್ಯ ಕಾಲಿಮಂತಾನಿನಲ್ಲಿ ಹತ್ತು ಲಕ್ಷ ಹೆಕ್ಟೇರ್ ಪೀಟ್ ನೆಲಕ್ಕೆ ಕಾಲುವೆ ತೋಡಿ, ಭತ್ತವೂ ಬೆಳೆಯದೆ, ನೀರೂ ಉಳಿಯದೆ ಬಿಟ್ಟುಹೋದ ಜಾಗವೂ ಸುಡುತ್ತಿತ್ತು. ಹಾಗಾದರೆ ನನ್ನ ಬಾಟ್ಲಿಯಲ್ಲಿದ್ದ ಎಣ್ಣೆ ಸುಟ್ಟ ನೆಲದ್ದೋ, ನೂರು ವರ್ಷದ ಹಳೆಯ ತೋಟದ್ದೋ? ಅದನ್ನು ಜಗತ್ತಿನ ಯಾವ ಕೆಮಿಸ್ಟೂ ಹೇಳಲಾರ. ಸಂಗತಿ ಗಂಟುಬೀಳುವುದು ಇಲ್ಲೇ.

ಒಂದು ಮಿಲ್ಲಿಗೆ ತನ್ನದೇ ತೋಟದ ಗೊನೆಯೂ ಬರುತ್ತದೆ, ಸುತ್ತಲಿನ ನೂರಾರು ಸಣ್ಣ ಹಿಡುವಳಿದಾರರ ಗೊನೆಯೂ ಬರುತ್ತದೆ. ಇಂಡೊನೇಷ್ಯಾದ ಎಣ್ಣೆತಾಳೆ ಜಮೀನಿನಲ್ಲಿ ಸುಮಾರು ಶೇ 40 ಇಂಥ ಸಣ್ಣವರ ಕೈಯಲ್ಲಿದೆ. ಅವರಿಂದ ಖರೀದಿಸಿ ಲಾರಿ ತುಂಬಿಸುವವರು ದಲ್ಲಾಳಿಗಳು. ಲಾರಿಯಲ್ಲಿ ಒಂದು ಸಲ ಬೆರೆಯಿತು. ಮಿಲ್ಲಿನಲ್ಲಿ ಇನ್ನೊಂದು ಸಲ. ಹತ್ತಾರು ಮಿಲ್ಲಿನ ಎಣ್ಣೆ ಬಂದರಿನ ದೊಡ್ಡ ಟ್ಯಾಂಕಿನಲ್ಲಿ, ಅಲ್ಲಿಂದ ಹಡಗಿನಲ್ಲಿ, ಹಡಗಿನಿಂದ ಪಣಂಬೂರಿನ ಟ್ಯಾಂಕಿನಲ್ಲಿ. ಆಮೇಲೆ ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶದ ರಿಫೈನರಿಗೆ ಹೋಗಿ ಅಂಟು ತೆಗೆಸಿಕೊಂಡು, ಬ್ಲೀಚಿಂಗ್ ಮಣ್ಣಿನಲ್ಲಿ ಬಣ್ಣ ಬಿಟ್ಟು, 240 ಡಿಗ್ರಿ ಮೇಲಿನ ಶಾಖದಲ್ಲಿ ನಿರ್ವಾತದೊಳಗೆ ವಾಸನೆ ಕಳೆದುಕೊಳ್ಳುತ್ತದೆ. ನಾನು ಅಷ್ಟು ಕಷ್ಟಪಟ್ಟು ಅಳೆದ ಆಮ್ಲವೂ ಅಲ್ಲೇ ಹೊರಬಂದು ಸಾಬೂನಿನವರಿಗೆ ಹೋಗುತ್ತದೆ. ಗಟ್ಟಿ ಭಾಗ ಬೇರೆ, ತೆಳು ಭಾಗ ಬೇರೆ. ತೆಳು ಭಾಗವೇ ಪಾಮೋಲಿನ್. ಎಫ್‌ಎಫ್‌ಎ ಶೇ 0.1ಕ್ಕಿಂತ ಕಡಿಮೆ, ಅಯೋಡಿನ್ ಮೌಲ್ಯ 56ರ ಮೇಲೆ. ಇಷ್ಟು ಹದಕ್ಕೆ ಬಂದ ಮೇಲೆ ಸುಮಾತ್ರಾದ್ದೂ ಜೋಹೋರಿನದ್ದೂ ಒಂದೇ. ಒಂದೇ ಆಗಬೇಕು ಎಂಬುದೇ ಇಡೀ ವ್ಯವಸ್ಥೆಯ ಉದ್ದೇಶ. ಸರಕು ಸರಕಾಗುವುದು ಅದರ ಊರು ಅಳಿಸಿಹೋದ ಮೇಲೆ.

ಭಾರತ ಜಗತ್ತಿನಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡುವ ದೇಶ. ವರ್ಷಕ್ಕೆ ಸುಮಾರು 70 ಲಕ್ಷದಿಂದ ಒಂದು ಕೋಟಿ ಟನ್ನಿನ ನಡುವೆ. ನಮ್ಮ ಮನೆಗಳಲ್ಲಿ ಯಾರನ್ನು ಕೇಳಿದರೂ “ನಾವು ತೆಂಗಿನೆಣ್ಣೆ”, “ನಾವು ಸೂರ್ಯಕಾಂತಿ” ಎನ್ನುತ್ತಾರೆ. ಹಾಗಾದರೆ ಇಷ್ಟೊಂದು ಎಣ್ಣೆ ಹೋಗುವುದೆಲ್ಲಿಗೆ? ಬೇಕರಿಯ ಪಫ್‌ಗೆ, ಬಿಸ್ಕಿಟ್ಟಿಗೆ, ಮಿಕ್ಸ್ಚರಿಗೆ, ಹೋಟೆಲಿನ ಗೋಳಿಬಜೆಗೆ, ನೂಡಲ್ಸಿಗೆ, ಐಸ್‌ಕ್ರೀಮಿಗೆ, ಶಾಂಪೂವಿಗೆ. ಬಿಸ್ಕಿಟ್ ಪ್ಯಾಕೆಟ್ಟಿನ ಬೆನ್ನಿನಲ್ಲಿ ಇರುವೆಯಂಥ ಅಕ್ಷರದಲ್ಲಿ ‘ಖಾದ್ಯ ತೈಲ, ಪಾಮೋಲಿನ್’ ಎಂದಿರುತ್ತದೆ. ಡಾಲ್ಡಾದಂಥ ವನಸ್ಪತಿಯಲ್ಲಿದ್ದ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದೆಂದು ಗೊತ್ತಾದ ಮೇಲೆ, ಹೈಡ್ರೋಜನ್ ಹಾಯಿಸದೆಯೇ ಅರೆಗಟ್ಟಿಯಾಗಿರುವ ತಾಳೆ ಎಣ್ಣೆಗೆ ಬೇಡಿಕೆ ಇನ್ನೂ ಹೆಚ್ಚಿತು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2022ರ ಜನವರಿಯಿಂದ ಟ್ರಾನ್ಸ್ ಕೊಬ್ಬಿಗೆ ಶೇ 2ರ ಮಿತಿ ಹಾಕಿದ್ದು ಒಳ್ಳೆಯ ಕೆಲಸವೇ. ಒಂದು ಕಡೆಯ ಒಳ್ಳೆಯದು ಇನ್ನೊಂದು ಕಡೆ ಕಾಡಿನ ಮೇಲೆ ಒತ್ತಡವಾಗಿ ಇಳಿಯಿತು, ಅಷ್ಟೇ.

ಹಾಗೆಂದು ತಾಳೆ ಎಣ್ಣೆಯನ್ನೇ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಒಂದು ಹೆಕ್ಟೇರ್ ಎಣ್ಣೆತಾಳೆಯಿಂದ ಮೂರು ನಾಲ್ಕು ಟನ್ ಎಣ್ಣೆ ಸಿಗುತ್ತದೆ. ಸೋಯಾದಲ್ಲಿ ಅರ್ಧ ಟನ್ ಸಿಕ್ಕಿದರೆ ಹೆಚ್ಚು. ಎಲ್ಲರೂ ಸೋಯಾಕ್ಕೆ ಹೋದರೆ ಬ್ರೆಜಿಲಿನಲ್ಲಿ ಅದರ ಎಷ್ಟೋ ಪಟ್ಟು ಕಾಡು ಕಡಿಯಬೇಕಾದೀತು. ಬಡವರ ಬಾಣಲೆಗೆ ಎಣ್ಣೆ ಬಂದದ್ದು ತಾಳೆ ಎಣ್ಣೆಯಿಂದ, ಇದೂ ನಿಜ. ನನ್ನ ತಕರಾರು ಮರದ ಮೇಲಲ್ಲ.

ಈ ಉದ್ದನೆಯ ಸರಪಳಿಯಲ್ಲಿ ಆ ತುದಿಯಿಂದ ಈ ತುದಿಗೆ ತಡೆಯಿಲ್ಲದೆ ಬರುವುದು ಒಂದೇ ಒಂದು, ಬೆಲೆ. 2022ರಲ್ಲಿ ಅದನ್ನು ಚೆನ್ನಾಗಿ ನೋಡಿದೆವು. ಫೆಬ್ರುವರಿಯಲ್ಲಿ ರಷ್ಯಾ ಯುಕ್ರೇನಿನ ಮೇಲೆ ಯುದ್ಧ ಹೂಡಿದಾಗ ಸೂರ್ಯಕಾಂತಿ ಎಣ್ಣೆ ನಿಂತಿತು. ಏಪ್ರಿಲ್ 28ಕ್ಕೆ ಇಂಡೊನೇಷ್ಯಾ ತನ್ನ ಜನರಿಗೇ ಅಡುಗೆ ಎಣ್ಣೆ ಸಿಗುತ್ತಿಲ್ಲವೆಂದು ತಾಳೆ ಎಣ್ಣೆಯ ರಫ್ತು ನಿಲ್ಲಿಸಿತು, ಮೇ 23ಕ್ಕೆ ಮತ್ತೆ ತೆರೆಯಿತು. ಆ ದಿನಗಳಲ್ಲಿ ನಮ್ಮ ಪೇಟೆಯ ಬಾಳೆಕಾಯಿ ಚಿಪ್ಸ್ ಅಂಗಡಿಯವರು ಇಂಡೊನೇಷ್ಯಾದ ಅಧ್ಯಕ್ಷರ ಹೆಸರನ್ನು ಪಕ್ಕದ ವಾರ್ಡಿನ ಕಾರ್ಪೊರೇಟರ ಹೆಸರಿನಷ್ಟೇ ಸಲೀಸಾಗಿ ಹೇಳುತ್ತಿದ್ದರು. “ಜೋಕೊವಿ ಬಿಟ್ಟರೆ ಮಾತ್ರ ರೇಟ್ ಇಳಿಯುವುದು ಮೇಡಂ.” ಜಕಾರ್ತಾದ ಒಂದು ಆದೇಶ ಮರುದಿನವೇ ಮಂಗಳೂರಿನ ಬಾಣಲೆಗೆ ಗೊತ್ತಾಗುತ್ತದೆ. ಅದಕ್ಕೂ ಏಳು ವರ್ಷ ಮೊದಲು ಅದೇ ದೇಶದಲ್ಲಿ 26 ಲಕ್ಷ ಹೆಕ್ಟೇರ್ ಸುಟ್ಟಾಗ ಅದೇ ಅಂಗಡಿಗೆ ಸುದ್ದಿಯೇ ಬಂದಿರಲಿಲ್ಲ, ಯಾಕೆಂದರೆ ಆಗ ರೇಟು ಏರಿರಲಿಲ್ಲ.

ಊರು ಕೇಳಲು ನಮಗೆ ಬರುವುದಿಲ್ಲವೇ? ಬರುತ್ತದೆ. 2019ರ ಕೊನೆಯಲ್ಲಿ ಮಲೇಷ್ಯಾದ ಆಗಿನ ಪ್ರಧಾನಿ ಮಹಾತಿರ್ ಕಾಶ್ಮೀರದ ಬಗ್ಗೆಯೂ ಪೌರತ್ವ ಕಾಯ್ದೆಯ ಬಗ್ಗೆಯೂ ಮಾತಾಡಿದ್ದು ದಿಲ್ಲಿಗೆ ಹಿಡಿಸಲಿಲ್ಲ. 2020ರ ಜನವರಿ 8ರಂದು ಶುದ್ಧೀಕರಿಸಿದ ತಾಳೆ ಎಣ್ಣೆ ‘ನಿರ್ಬಂಧಿತ’ ಆಮದಿನ ಪಟ್ಟಿಗೆ ಸೇರಿತು. ಮಲೇಷ್ಯಾದ ಹೆಸರು ಎಲ್ಲೂ ಬರೆದಿರಲಿಲ್ಲ, ಆದರೆ ವ್ಯಾಪಾರಿಗಳಿಗೆ ಅರ್ಥವಾಗುವುದಕ್ಕೆ ಕಷ್ಟವಾಗಲಿಲ್ಲ. ಪಾಸಿರ್ ಗುಡಾಂಗ್ ಎಂಬ ಹೆಸರಿಗೆ ಥಟ್ಟನೆ ಬೆಲೆ ಬಂತು. ಲೋಡ್ ಪೋರ್ಟ್ ಕಾಲಮ್ಮನ್ನು ಮೊದಲು ನೋಡುವ ಪಾರ್ಟಿಗಳನ್ನು ನಾನು ಕಂಡದ್ದು ಆಗಲೇ. ಜಗಳಕ್ಕೆ ಬೇಕಾದಾಗ ಎಣ್ಣೆಯ ಮೂಲ ಹುಡುಕಬಲ್ಲ ವ್ಯವಸ್ಥೆಗೆ ಕಾಡಿಗಾಗಿ, ಕೂಲಿಯವನಿಗಾಗಿ ಹುಡುಕಲು ಆಗುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ.

ನಿವೃತ್ತಿಯ ನಂತರ ಕುತೂಹಲಕ್ಕೆ ನಾನೊಂದು ಕೆಲಸ ಮಾಡಿದೆ. ಮನೆಗೆ ತಂದಿದ್ದ ಪಾಮೋಲಿನ್ ಪ್ಯಾಕೆಟ್ಟಿನ ಮೇಲಿದ್ದ ಗ್ರಾಹಕ ಸೇವೆಯ ವಿಳಾಸಕ್ಕೆ, ಈ ಬ್ಯಾಚಿನ ಎಣ್ಣೆ ಯಾವ ಮಿಲ್ಲಿನದು ಎಂದು ಬರೆದೆ. ತುಂಬ ಮರ್ಯಾದೆಯ ಉತ್ತರ ಬಂತು. ಎಲ್ಲ ಮಾನದಂಡಕ್ಕೂ ಅನುಗುಣವಾಗಿದೆ ಎಂದು, ಜೊತೆಗೆ ಪರೀಕ್ಷಾ ವರದಿ. ಅಂಕಿಗಳು ಬಹಳ ಚೆನ್ನಾಗಿದ್ದವು. ಮಿಲ್ಲಿನ ಹೆಸರು ಮಾತ್ರ ಇರಲಿಲ್ಲ. ಉತ್ತರ ಬರೆದ ಹುಡುಗಿಗೂ ಅದು ಗೊತ್ತಿರಲಾರದು, ಪಾಪ.

ದೊಡ್ಡ ಎಣ್ಣೆ ವ್ಯಾಪಾರಿ ಕಂಪನಿಗಳು ಕಳೆದ ಹತ್ತು ವರ್ಷಗಳಿಂದ ತಾವು ಎಣ್ಣೆ ಕೊಳ್ಳುವ ಮಿಲ್ಲುಗಳ ಪಟ್ಟಿಯನ್ನು ಅಕ್ಷಾಂಶ ರೇಖಾಂಶ ಸಮೇತ ಪ್ರಕಟಿಸುತ್ತಿವೆ. ಯುರೋಪು ಅಮೆರಿಕದ ಗಿರಾಕಿಗಳು ಬೆನ್ನುಬಿದ್ದದ್ದರಿಂದ ಬಂದ ಬದಲಾವಣೆ ಅದು. ಒಂದು ಮಧ್ಯಾಹ್ನ ಅಂಥ ಅಂಕಿಗಳನ್ನು ಉಪಗ್ರಹ ನಕ್ಷೆಯಲ್ಲಿ ಹಾಕಿ ದುಮಾಯ್‌ನ ಒಳನಾಡು ನೋಡುತ್ತ ಕುಳಿತೆ. ಮೇಲಿನಿಂದ ಮೊದಲು ಎಲ್ಲ ಹಸಿರೇ. ಹತ್ತಿರ ಹೋದಂತೆ ಹಸಿರು ಚೌಕಚೌಕವಾಗುತ್ತದೆ. ಅಡ್ಡಕ್ಕೂ ಉದ್ದಕ್ಕೂ ಸ್ಕೇಲಿಟ್ಟು ಗೆರೆ ಎಳೆದಂತೆ ಕಾಲುವೆಗಳು. ಇನ್ನೂ ಹತ್ತಿರ ಹೋದರೆ ಪ್ರತಿ ಮರವೂ ಒಂದು ನಕ್ಷತ್ರದಾಕಾರದ ಚುಕ್ಕಿ, ಸಾಲು ತಪ್ಪದ ಲಕ್ಷಾಂತರ ಚುಕ್ಕಿ. ನಡುವೆ ಮಿಲ್ಲು, ಪಕ್ಕದಲ್ಲಿ ಕೊಳಚೆ ನೀರಿನ ಕಂದು ಹೊಂಡಗಳು, ಆಚೆ ಕೂಲಿಯವರ ಲೈನು ಮನೆಗಳ ತಗಡಿನ ಮಾಡು. ಮೂವತ್ತು ವರ್ಷದ ಹಳೆಯ ಚಿತ್ರಕ್ಕೆ ಹಿಂದೆ ಸರಿಸಿದರೆ ಚೌಕಗಳಿಲ್ಲ. ಇಷ್ಟು ನೋಡಲು ನನಗೆ ಬೇಕಾದದ್ದು ಒಂದು ಮೊಬೈಲು ಮತ್ತು ಒಂದು ಲೋಟ ಕಾಫಿ. ಮಾಹಿತಿ ಇಲ್ಲವೆಂಬ ಕಾಲ ಮುಗಿಯಿತು. ಯಾವ ಮಿಲ್ಲಿನ ಎಣ್ಣೆ ಯಾವ ಹಡಗಿಗೆ ಹೋಯಿತು ಎಂಬ ಒಂದೇ ಕೊಂಡಿ ಇನ್ನೂ ಸಾಮಾನ್ಯರ ಕಣ್ಣಿಗೆ ಕಾಣುವಂತಿಲ್ಲ.

ಆ ಕೊಂಡಿ ಹಿಡಿಯುವ ಪ್ರಯತ್ನಗಳು ನಡೆದಿವೆ. 2004ರಲ್ಲಿ ಶುರುವಾದ ಆರ್‌ಎಸ್‌ಪಿಒ ಎಂಬ ಸಂಸ್ಥೆ ಕಾಡು ಕಡಿಯದೆ, ಕೂಲಿಯವರನ್ನು ಹಿಂಸಿಸದೆ ಬೆಳೆದ ಎಣ್ಣೆಗೆ ಪ್ರಮಾಣಪತ್ರ ಕೊಡುತ್ತದೆ. ಜಗತ್ತಿನ ತಾಳೆ ಎಣ್ಣೆಯಲ್ಲಿ ಸುಮಾರು ಐದನೇ ಒಂದು ಭಾಗಕ್ಕೆ ಅದು ಸಿಕ್ಕಿದೆ. ಅದರಲ್ಲೂ ‘ಮಾಸ್ ಬ್ಯಾಲೆನ್ಸ್’ ಎಂಬ ಒಂದು ದಾರಿ ಉಂಟು. 100 ಟನ್ ಪ್ರಮಾಣಿತ ಎಣ್ಣೆಯನ್ನು 900 ಟನ್ ಮಾಮೂಲಿ ಎಣ್ಣೆಯೊಂದಿಗೆ ಬೆರೆಸಿ, 100 ಟನ್ನಿಗೆ ಪ್ರಮಾಣಪತ್ರ ಅಂಟಿಸಿ ಮಾರಬಹುದು. ಲೆಕ್ಕ ಸರಿಯಾಗಿರುತ್ತದೆ, ಪ್ಯಾಕೆಟ್ಟಿನೊಳಗೆ ಏನಿದೆ ಎಂಬುದು ಯಾರಿಗೂ ತಿಳಿಯದು. ಅಮೆರಿಕದ ಸುಂಕ ಇಲಾಖೆ 2020ರ ಸೆಪ್ಟೆಂಬರ್ ಮತ್ತು ಡಿಸೆಂಬರಿನಲ್ಲಿ ಬಲವಂತದ ದುಡಿಮೆಯ ಆರೋಪದ ಮೇಲೆ ಮಲೇಷ್ಯಾದ ಎರಡು ದೊಡ್ಡ ಕಂಪನಿಗಳ ಎಣ್ಣೆಯನ್ನು ಬಂದರಿನಲ್ಲೇ ತಡೆಯಿತು. ಅದರ ಬಿಸಿ ತಟ್ಟಿ ಕೆಲವು ಸುಧಾರಣೆಗಳಾದವು, ಒಂದು ಕಂಪನಿಯ ಮೇಲಿನ ತಡೆ 2023ರಲ್ಲಿ ತೆರವಾಯಿತು. ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನನ್ನೇ ಮಾಡಿತು: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಸರಕು ಬೇಡ, ಬೆಳೆದ ಜಮೀನು ಭೂಪಟದಲ್ಲಿ ಎಲ್ಲಿದೆ ಎಂದು ತೋರಿಸಿ. ತಾಳೆ ಎಣ್ಣೆ ಮಾತ್ರವಲ್ಲ, ಕಾಫಿ, ರಬ್ಬರು ಕೂಡ ಅದರೊಳಗೆ ಬರುವುದರಿಂದ ನಮ್ಮ ಕೊಡಗು ಚಿಕ್ಕಮಗಳೂರಿನ ಬೆಳೆಗಾರರೂ ತಮ್ಮ ತೋಟದ ಗಡಿ ಗುರುತಿಸಿಕೊಳ್ಳುವ ಓಡಾಟಕ್ಕೆ ಬಿದ್ದರು. ಜಾರಿಯ ದಿನಾಂಕ ಮುಂದೂಡುತ್ತಲೇ ಬಂದಿದೆ.

ನನಗೆ ಅನುಮಾನ ಬೇರೆ ಕಡೆ. ಯುರೋಪು ಊರು ಕೇಳುತ್ತದೆ, ನಾವು ಕೇಳುವುದಿಲ್ಲ. ಆಗ ಏನಾಗುತ್ತದೆ? ದಾಖಲೆ ಇರುವ ಎಣ್ಣೆ ಅತ್ತ, ಇಲ್ಲದ್ದು ಇತ್ತ. ತಡೆದ ತೋಟದ ಮರಗಳು ಗೊನೆ ಬಿಡುವುದನ್ನು ನಿಲ್ಲಿಸುವುದಿಲ್ಲವಲ್ಲ. ಅತಿ ದೊಡ್ಡ ಗಿರಾಕಿ ಸುಮ್ಮನಿರುವವರೆಗೆ ಸಣ್ಣ ಗಿರಾಕಿಗಳ ಕಟ್ಟುನಿಟ್ಟು ಎಣ್ಣೆಯ ದಾರಿ ಬದಲಿಸುತ್ತದೆಯೇ ಹೊರತು ತೋಟವನ್ನು ಬದಲಿಸುವುದು ಕಡಿಮೆ. ಬಿಸ್ಕಿಟ್ ಕೊಳ್ಳುವ ನಾವು ಒಬ್ಬೊಬ್ಬರಾಗಿ ಪ್ಯಾಕೆಟ್ ತಿರುಗಿಸಿ ಓದಿದರೆ ಇದು ಸರಿಯಾಗುವುದಿಲ್ಲ. ಸರ್ಕಾರ ಆಮದು ಸುಂಕವನ್ನು ಆಗಾಗ ಏರಿಸಿ ಇಳಿಸುತ್ತದೆ, 2024ರ ಸೆಪ್ಟೆಂಬರಿನಲ್ಲಿ ಏರಿಸಿ 2025ರ ಮೇಯಲ್ಲಿ ಇಳಿಸಿದ ಹಾಗೆ. ಅದೇ ಕೈ ಮೂಲ ತೋರಿಸಿದ ಎಣ್ಣೆಗೆ ಸುಂಕ ಸ್ವಲ್ಪ ಕಡಿಮೆ ಎಂದು ಬರೆದರೆ ಪಣಂಬೂರಿನ ಫಾರ್ಮಿನಲ್ಲಿ ಒಂದು ಕಾಲಮ್ಮು ಹೆಚ್ಚಾದೀತು.

ಇಷ್ಟು ಹೇಳುವಾಗ ನಾವೇನೋ ಬರೀ ತಿನ್ನುವವರ ತುದಿಯಲ್ಲಿದ್ದೇವೆ ಎಂದುಕೊಳ್ಳಬೇಡಿ. ಎಣ್ಣೆ ಇಳಿಯುವ ಅದೇ ಬಂದರಿಗೆ ಆಫ್ರಿಕಾದಿಂದ ಹಸಿ ಗೇರುಬೀಜದ ಮೂಟೆಗಳೂ ಬರುತ್ತವೆ. ಇಲ್ಲಿನ ಕಾರ್ಖಾನೆಗಳಲ್ಲಿ ಹೆಂಗಸರ ಕೈಯಲ್ಲಿ ಸುಲಿದು, ಡಬ್ಬಿಯಾಗಿ ಮತ್ತೆ ಹೊರದೇಶಕ್ಕೆ ಹೋಗುತ್ತವೆ. ಅಲ್ಲಿಯೂ ಒಂದು ಅಂಕಿ ಉಂಟು. ಡಬ್ಲ್ಯು 320 ಎಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ಬಿಳಿ ತಿರುಳು. ಡಬ್ಲ್ಯು 180 ಇನ್ನೂ ದಪ್ಪದ್ದು, ರಾಜನಂತೆ. ತಿರುಳಿನ ಗಾತ್ರ, ಬಣ್ಣ, ಒಡೆದದ್ದೋ ಇಡಿಯೋ, ಎಲ್ಲ ಆ ದರ್ಜೆಯಲ್ಲಿ ಬಂತು. ಜರ್ಮನಿಯಲ್ಲೋ ದುಬೈಯಲ್ಲೋ ಡಬ್ಬಿ ತೆರೆಯುವವರಿಗೆ ಕೊಕ್ಕಡ ಎಂಬ ಊರಿನ ಹೆಸರು ಅದರಲ್ಲಿ ಸಿಗುವುದಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಸರ್ಕಾರಿ ಗೇರು ತೋಟಗಳ ಮೇಲೂ, ಗಡಿಯಾಚೆ ಕಾಸರಗೋಡಿನ ತೋಟಗಳ ಮೇಲೂ ಟೀ ಸೊಳ್ಳೆ ಎಂಬ ಕೀಟ ಕೊಲ್ಲಲು 2000ದವರೆಗೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕೆಳಗಿದ್ದ ಬಾವಿ, ಹಟ್ಟಿ, ಶಾಲೆ ಎಲ್ಲದರ ಮೇಲೂ ಬಿತ್ತು. ಕಾಸರಗೋಡು ಕಡೆಯ ಪಡ್ರೆಯ ಪತ್ರಕರ್ತ ಶ್ರೀಪಡ್ರೆ 1980ರ ದಶಕದ ಆರಂಭದಲ್ಲೇ ಇದರ ಬಗ್ಗೆ ಬರೆದಿದ್ದರು. ಅಲ್ಲಿನ ವೈದ್ಯ ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆಯಲ್ಲಿ ಏನೋ ಹೊಂದಾಣಿಕೆಯಿದೆ ಎಂದು ಗುರುತಿಸಿ ಬರೆದಿಟ್ಟರು. ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ಬಳಕೆ ನಿಲ್ಲಿಸಿದ್ದು 2011ರ ಮೇಯಲ್ಲಿ. ಆ ಊರುಗಳಲ್ಲಿ ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಬೇಕಾದ ಮಕ್ಕಳು ಈಗ ನಡುವಯಸ್ಸಿಗೆ ಬಂದಿದ್ದಾರೆ. ಎತ್ತಿ ಕೂರಿಸುವ ಅಮ್ಮಂದಿರು ಮುದುಕಿಯರಾಗಿದ್ದಾರೆ.

ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಒಬ್ಬರು ಅಕ್ಕ ಇದ್ದಾರೆ. ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜ ಒಡೆಯುತ್ತಿದ್ದವರು. ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ಅವರ ಬೆರಳ ತುದಿಗಳು ಕೆಲಸ ಬಿಟ್ಟ ಮೇಲೂ ಕಪ್ಪು, ಆಧಾರ್ ಯಂತ್ರದಲ್ಲಿ ಬೆರಳಚ್ಚು ಮೂಡುವುದಿಲ್ಲ, ರೇಷನ್ ಅಂಗಡಿಯಲ್ಲಿ ಪ್ರತಿ ತಿಂಗಳೂ ಒಂದು ಗಲಾಟೆ. ಹೊರದೇಶದ ಪಾರ್ಟಿಯವರು ಆಡಿಟ್‌ಗೆ ಬರುತ್ತಿದ್ದರೇ ಎಂದು ಕೇಳಿದೆ. “ಬರುತ್ತಿದ್ದರು. ಆ ದಿನ ಎಲ್ಲರಿಗೂ ಗ್ಲೌಸ್ ಕೊಡುತ್ತಿದ್ದರು.” ಉಳಿದ ದಿನ? “ಉಳಿದ ದಿನವೂ ಇತ್ತು. ನಾವೇ ತೆಗೆದಿಡುತ್ತಿದ್ದೆವು. ಗ್ಲೌಸ್ ಹಾಕಿದರೆ ಬೀಜ ತುಂಡಾಗುತ್ತದೆ. ದಿನಕ್ಕೆ ಇಷ್ಟು ಕಿಲೋ ಅಂತ ಲೆಕ್ಕ, ತುಂಡು ಬೇರೆ, ಇಡೀ ಬೇರೆ. ಕೈ ನೋಡುವುದಾ, ತೂಕ ನೋಡುವುದಾ?” ಕಿಲೋಗೆ ಎರಡು ರೂಪಾಯಿ ಜಾಸ್ತಿ ಮಾಡಿ, ಆಗ ನಿಧಾನವಾಗಿ ಗ್ಲೌಸ್ ಹಾಕಿಯೇ ಒಡೆಯುತ್ತೇವೆ ಎಂದು ಇವರು ನಾಲ್ಕೈದು ಮಂದಿ ಸೇರಿ ಲೆಕ್ಕ ಬರೆಯುವ ರೈಟರಿಗೆ ಹೇಳಿದ್ದರಂತೆ. ರೈಟರು ಅದನ್ನು ಮೇಲೆ ತಲುಪಿಸಿದರೋ ಇಲ್ಲವೋ ಅವರಿಗೆ ತಿಳಿಯದು. ಆಡಿಟ್ ಮಾಡಲು ಬಂದವರು ಕೇಳಿದ್ದು ಗ್ಲೌಸ್ ಉಂಟೋ ಇಲ್ಲವೋ ಎಂದು ಮಾತ್ರ. ರೇಟು ಎಷ್ಟು ಎಂದು ಕೇಳಲಿಲ್ಲ.